ದಿಡ್ಡಿ ಬಾಗಿಲು ಮತ್ತು ಆಮದು ಸುಂಕ

ಆಮದು ಸುಂಕ ಅಂದ ಕೂಡಲೇ ಅರ್ಧ ಜನ ಈ ಪುಟ ಮುಚ್ಚಿ ಬೇರೆ ಕಡೆ ಹೋಗ್ತಾರೆ ಅಂತ ಗೊತ್ತು. ಸ್ವಲ್ಪ ನಿಲ್ಲಿ. ನಿಮ್ಮ ಮನೆ ಗೋಡೆಯ ಮೇಲಿರುವ ಟೀವಿ, ಜೇಬಿನಲ್ಲಿರುವ ಫೋನು, ಬೀರುವಿನ ಡ್ರಾಯರಿನಲ್ಲಿ ಮಲಗಿರುವ ತಾತನ ವಾಚು, ಈ ಮೂರೂ ಎಲ್ಲಿ ತಯಾರಾದವು, ಯಾಕೆ ಅಲ್ಲೇ ತಯಾರಾದವು, ತಯಾರಿಸಿದ ಜನ ಆಮೇಲೆ ಏನಾದರು ಅನ್ನುವುದೆಲ್ಲ ಈ ಒಣ ವಿಷಯದೊಳಗೇ ಅಡಗಿ ಕೂತಿದೆ. ಪೋಸ್ಟ್ ಕೊಂಚ ಉದ್ದ ಆಗುತ್ತೆ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಓದಿ :-)

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಈ ಬಗ್ಗೆ ಎರಡು ಪಕ್ಷ ಇವೆ. ಒಂದು ಪಕ್ಷ ಹೇಳೋದು, "ಹೊರಗಿನ ಮಾಲಿನ ಮೇಲೆ ಚೆನ್ನಾಗಿ ಸುಂಕ ಜಡಿಯಬೇಕು, ಆಗ ಕಾರ್ಖಾನೆ ತಾನಾಗಿ ಇಲ್ಲಿಗೆ ಬರುತ್ತೆ". ಇನ್ನೊಂದು ಪಕ್ಷ, "ಸುಂಕ ಎಲ್ಲ ತೆಗೆದುಬಿಡಿ, ಒಳ್ಳೇ ಮಾಲು ಅಗ್ಗಕ್ಕೆ ಸಿಗುತ್ತೆ, ಜನರಿಗೆ ಅದೇ ತಾನೇ ಬೇಕಾಗಿರೋದು" ಅನ್ನುತ್ತೆ. ಎರಡೂ ಪಕ್ಷದವರು ಒಂದು ವಿಷಯವನ್ನು ಮರೆತೇ ಮಾತಾಡ್ತಾರೆ ಅನ್ನೋದು ನನ್ನ ತಕರಾರು. ಸುಂಕ ಹಾಕೋದು ಒಂದು ವಸ್ತುವಿನ ಮೇಲೆ. ಆದರೆ ತಂತ್ರಜ್ಞಾನ ಬದಲಾದಾಗ ಆ ವಸ್ತುವೇ ಬದಲಾಗಿಬಿಡುತ್ತೆ. ವಾಚು ಅಂತ ಹೆಸರು ಒಂದೇ ಇದ್ದರೂ ಒಳಗಿರೋದು ಬೇರೆ. ಟೀವಿ ಅಂತ ಹೆಸರು ಒಂದೇ, ಒಳಗಿರೋದು ಬೇರೆ. ಗೋಡೆ ಕಟ್ಟಿದ್ದು ಹಳೆಯ ವಸ್ತುವಿಗೆ, ಶತ್ರು ಬಂದಿದ್ದು ಹೊಸ ವಸ್ತುವಿನ ವೇಷದಲ್ಲಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆ ಇದೆಯಲ್ಲ. ಚಾಮರಾಜಪೇಟೆಯಲ್ಲಿ ಬೆಳೆದ ನನಗೆ ಈ ಗಾದೆ ಕೇಳಿದಾಗೆಲ್ಲ ಮಾರ್ಕೆಟ್ ಪಕ್ಕದ ನಮ್ಮ ಕೋಟೆಯೇ ನೆನಪಾಗುತ್ತೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ಒಳಗೆ ನುಗ್ಗಿದ ಕೋಟೆ ಅದು. ಅಷ್ಟು ದಪ್ಪ ಕಲ್ಲಿನ ಗೋಡೆ, ಆದರೂ ಫಿರಂಗಿಯ ಮುಂದೆ ನಿಲ್ಲಲಿಲ್ಲ. ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಬೆಂಗಳೂರು ಇದೇ ಕಥೆಯನ್ನು ಎರಡು ಸಲ ನೋಡಿದೆ. ಮೂರನೇ ಕಥೆ ಈಗ ನಮ್ಮ ಕಣ್ಣ ಮುಂದೆಯೇ ನಡೀತಾ ಇದೆ. ಅದಕ್ಕೇ ಬರೀಬೇಕು ಅನ್ನಿಸಿತು.

ಮೊದಲನೇ ಕಥೆ ಎಚ್.ಎಂ.ಟಿ.ಯದು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾಗಿದ್ದು ವಾಚು ಮಾಡೋಕಲ್ಲ, ಯಂತ್ರ ಮಾಡುವ ಯಂತ್ರಗಳನ್ನು ಮಾಡೋಕೆ. ವಾಚು ಬಂದಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ. ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್... ಈ ಹೆಸರುಗಳು ಗೊತ್ತಿಲ್ಲದ ಮನೆ ಬಸವನಗುಡಿ, ಮಲ್ಲೇಶ್ವರದ ಕಡೆ ಇರಲಿಕ್ಕಿಲ್ಲ. ಎಸ್.ಎಸ್.ಎಲ್.ಸಿ. ಪಾಸಾದರೆ ಒಂದು, ಮದುವೆಯಲ್ಲಿ ಅಳಿಯನಿಗೆ ಒಂದು, ರಿಟೈರ್ ಆದಾಗ ಒಂದು. ಆಮೇಲೆ ತುಮಕೂರಿನಲ್ಲಿ, ಶ್ರೀನಗರದಲ್ಲಿ, ರಾಣಿಬಾಗಿನಲ್ಲಿ ಕೂಡ ವಾಚಿನ ಕಾರ್ಖಾನೆಗಳಾದವು.

ಆ ಕಾಲದಲ್ಲಿ ಹೊರಗಿನ ವಾಚನ್ನು ರಾಜಾರೋಷವಾಗಿ ತಂದು ಮಾರುವ ಹಾಗಿರಲಿಲ್ಲ. ಸುಂಕ ಅನ್ನೋದಕ್ಕಿಂತ ದೊಡ್ಡ ಗೋಡೆ ಅದು, ಆಮದಿಗೆ ಲೈಸೆನ್ಸೇ ಸಿಗುತ್ತಿರಲಿಲ್ಲ. ಬೇಕಿದ್ದವರು ಮದ್ರಾಸಿನ ಬರ್ಮಾ ಬಜಾರಿಗೋ, ಕೊಲ್ಲಿ ದೇಶದಿಂದ ಬರುವ ನೆಂಟರಿಗೋ ಹೇಳಿಟ್ಟು ತರಿಸಿಕೊಳ್ಳಬೇಕಿತ್ತು. ಗೋಡೆಯೊಳಗೆ ಎಚ್.ಎಂ.ಟಿ. ಮಾಡಿದ್ದೆಲ್ಲ ಮಾರಾಟವಾಗುತ್ತಿತ್ತು. ಬೇಡಿಕೆ ಇದ್ದಷ್ಟು ವಾಚು ಮಾಡೋದೇ ಕಷ್ಟವಾಗಿತ್ತು.

ಅಷ್ಟರಲ್ಲಿ ಹೊರಗೆ ಏನಾಯಿತು? 1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಕಂಪನಿ ಅಸ್ಟ್ರಾನ್ ಅನ್ನುವ ಕ್ವಾರ್ಟ್ಸ್ ಕೈಗಡಿಯಾರ ಮಾರಾಟಕ್ಕಿಟ್ಟಿತು. ಇದರ ಕೆಲಸದ ರೀತಿ ನಮ್ಮಂಥ ಕಂಪ್ಯೂಟರ್ ಜನಕ್ಕೆ ಬಹಳ ಇಷ್ಟವಾಗುವಂಥದ್ದು. ಇವತ್ತಿನ ಸಾಮಾನ್ಯ ಕ್ವಾರ್ಟ್ಸ್ ವಾಚಿನಲ್ಲಿ ಒಂದು ಪುಟ್ಟ ಸ್ಫಟಿಕ ಇರುತ್ತೆ. ಸೆಲ್ಲಿನಿಂದ ವಿದ್ಯುತ್ ಕೊಟ್ಟರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಆ ಸಂಖ್ಯೆ ಯಾಕೆ? ಅದನ್ನು 15 ಸಲ ಎರಡರಿಂದ ಭಾಗಿಸಿ ನೋಡಿ, ಸರಿಯಾಗಿ 1 ಬರುತ್ತೆ. ಒಂದು ಚಿಪ್ಪು ಆ ಭಾಗಾಕಾರ ಮಾಡಿ ಸೆಕೆಂಡಿಗೊಮ್ಮೆ ಮುಳ್ಳನ್ನು ತಳ್ಳುತ್ತೆ, ಅಷ್ಟೆ. ಸ್ಪ್ರಿಂಗು ಬೇಡ, ಬ್ಯಾಲೆನ್ಸ್ ಚಕ್ರ ಬೇಡ, ದಿನಾ ಬೆಳಿಗ್ಗೆ ಕೀ ಕೊಡೋದು ಬೇಡ. ಕೀ ಕೊಡುವ ವಾಚು ದಿನಕ್ಕೆ ಕೆಲವು ಸೆಕೆಂಡು ಹಿಂದೆ ಮುಂದೆ ಆದರೆ ಇದು ತಿಂಗಳಿಗೆ ಅಷ್ಟಾಗುತ್ತೆ.

ಈಗ ಎಚ್.ಎಂ.ಟಿ. ಕಡೆಯಿಂದ ಯೋಚಿಸಿ. ಅವರ ಬಲ ಯಾವುದರಲ್ಲಿತ್ತು? ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂ, ಹಲ್ಲಿನ ಚಕ್ರ, ಮಾಣಿಕ್ಯದ ಬೇರಿಂಗು, ಇವನ್ನೆಲ್ಲ ಕರಾರುವಾಕ್ಕಾಗಿ ಕಡೆದು ಜೋಡಿಸುವುದರಲ್ಲಿ. ಹೊಸ ವಾಚಿಗೆ ಅದರ ಬಹುಪಾಲು ಬೇಕೇ ಇರಲಿಲ್ಲ. ಎಚ್.ಎಂ.ಟಿ.ಗೆ ಕ್ವಾರ್ಟ್ಸ್ ಗೊತ್ತಿರಲಿಲ್ಲ ಅಂತಲ್ಲ, 1980ರ ದಶಕದ ಆರಂಭದಲ್ಲೇ ಅವರೂ ಮಾಡಿದ್ದರು. ಆದರೆ ಕಾರ್ಖಾನೆಯ ಯಂತ್ರಗಳು, ಸಾವಿರಾರು ನೌಕರರ ಕೈಚಳಕ, ಲೆಕ್ಕಪತ್ರ ಎಲ್ಲ ಕೀ ಕೊಡುವ ವಾಚಿನ ಸುತ್ತಲೇ ನಿಂತಿತ್ತು. ಅದೂ ಮಾಡಿದಷ್ಟೂ ಮಾರಾಟವಾಗುತ್ತಿರುವಾಗ "ಬದಲಾಗಿ" ಅಂತ ಹೇಳೋರು ಯಾರು? ಗೋಡೆ ಮಾಡುವ ದೊಡ್ಡ ಅನ್ಯಾಯ ಇದೇ ನೋಡಿ. ಅದು ಹೊರಗಿನ ಮಾಲನ್ನು ತಡೆಯುತ್ತೋ ಇಲ್ಲವೋ, ಹೊರಗಿನ ಸುದ್ದಿಯನ್ನಂತೂ ತಡೆಯುತ್ತೆ.

ಇಲ್ಲಿ "ಉದಾರೀಕರಣ ಬಂತು, ವಿದೇಶಿ ಕಂಪನಿಗಳು ಬಂದು ಎಚ್.ಎಂ.ಟಿ.ಯನ್ನು ನುಂಗಿದವು" ಅಂತ ಹೇಳೋರಿದ್ದಾರೆ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅದು ನಿಲ್ಲೋದಿಲ್ಲ. ಟಾಟಾದವರು ತಮಿಳುನಾಡು ಸರ್ಕಾರದ ಟಿಡ್ಕೊ ಜೊತೆ ಸೇರಿ ಟೈಟನ್ ಕಂಪನಿ ಮಾಡಿದ್ದು 1984ರಲ್ಲಿ. ವಾಚು ಮಾರುಕಟ್ಟೆಗೆ ಬಂದಿದ್ದು 1987ರಲ್ಲಿ. ಕಾರ್ಖಾನೆ ಹೊಸೂರಿನಲ್ಲಿ, ಅಂದರೆ ಬೆಂಗಳೂರಿನಿಂದ 40 ಕಿಲೋಮೀಟರ್ ಆಸುಪಾಸು, ಗಡಿ ದಾಟಿದರೆ ಆಯಿತು. ಮೊದಲ ಶೋರೂಮ್ ನಮ್ಮ ಸಫೀನಾ ಪ್ಲಾಜಾದಲ್ಲಿ. ಕ್ಸರ್ಕ್ಸಸ್ ದೇಸಾಯಿ ಅದರ ಮುಖ್ಯಸ್ಥರಾಗಿದ್ದರು, ಮೊದಲ ದಿನದಿಂದ ಅವರು ಒತ್ತು ಕೊಟ್ಟಿದ್ದು ಕ್ವಾರ್ಟ್ಸಿಗೆ. ಉದಾರೀಕರಣ ಬಂದಿದ್ದು 1991ರಲ್ಲಿ. ಕನ್ಸ್ಯೂಮರ್ ಮಾಲುಗಳ ಮೇಲಿನ ಆಮದು ನಿರ್ಬಂಧಗಳ ಕೊನೆಯ ಕಂತು ಹೋಗಿದ್ದಂತೂ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತ ಸೋತ ಮೇಲೆ, 2001ರ ಏಪ್ರಿಲ್ 1ಕ್ಕೆ. ಅಂದರೆ ಎಚ್.ಎಂ.ಟಿ.ಯೂ ಟೈಟನ್ನೂ ಒಂದೇ ಗೋಡೆಯೊಳಗೆ, ಒಂದೇ ಹೆದ್ದಾರಿಗೆ ಹೋಗಿಬರುವಷ್ಟು ದೂರದಲ್ಲಿ ಇದ್ದವು. ಒಂದೇ ಗೋಡೆ, ಎರಡು ಫಲಿತಾಂಶ. ಹಾಗಾದರೆ ವ್ಯತ್ಯಾಸ ಮಾಡಿದ್ದು ಗೋಡೆಯಲ್ಲ, ಒಳಗಿದ್ದವರು ಯಾವ ತಂತ್ರಜ್ಞಾನಕ್ಕೆ ಕೈ ಹಾಕಿದರು ಅನ್ನೋದು.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಈಗ ಹಳೆಯ ಪೈಲಟ್, ಜನತಾ ವಾಚಿಗಾಗಿ ಹುಡುಗರು ಇಂಟರ್‌ನೆಟ್ಟಿನಲ್ಲಿ ಹುಡುಕಾಡ್ತಾರೆ. ಪ್ರೀತಿ ಬಂದಿದೆ, ಕಾರ್ಖಾನೆ ಇಲ್ಲ.

ಹಾಗಂತ ಗೋಡೆಯೇ ತಪ್ಪು ಅಂತ ನಾನು ಹೇಳ್ತಿಲ್ಲ. 1961ರಲ್ಲಿ ಗೋಡೆ ಇಲ್ಲದಿದ್ದರೆ ಎಚ್.ಎಂ.ಟಿ. ವಾಚು ಹುಟ್ಟುತ್ತಲೇ ಇರಲಿಲ್ಲ. ಸ್ವಿಸ್ ಕಂಪನಿಗಳ ಎದುರು ಹಸುಗೂಸು ನಿಂತುಕೊಳ್ಳೋದು ಹೇಗೆ? ಸಸಿಗೆ ಬೇಲಿ ಬೇಕು. ಆದರೆ ಬೇಲಿ ಕಟ್ಟಿದ ದಿನವೇ "ಇದನ್ನು ಯಾವಾಗ ತೆಗೀತೀವಿ" ಅಂತ ಯಾರೂ ಬರೆದಿಡಲಿಲ್ಲ. ಮರ ಆದ ಮೇಲೂ ಬೇಲಿ ಹಾಗೇ ಉಳಿದರೆ ಅದು ಕಾಂಡವನ್ನೇ ಕೊರೆಯುತ್ತೆ.

ಎರಡನೇ ಕಥೆ ಟೀವಿಯದು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರ ನವೆಂಬರಿನಲ್ಲಿ. ಮರುವರ್ಷವೇ ದೆಹಲಿಯ ಏಷ್ಯನ್ ಗೇಮ್ಸ್ ನೆಪದಲ್ಲಿ ಕಲರ್ ಬಂತು. ಕಪ್ಪು ಬಿಳುಪು ಪಿಕ್ಚರ್ ಟ್ಯೂಬನ್ನು ಜಾಲಹಳ್ಳಿಯ ಬಿ.ಇ.ಎಲ್. ಮಾಡುತ್ತಿತ್ತು. ಕಲರ್ ಟೀವಿ ಅಂದರೆ ಬಿ.ಪಿ.ಎಲ್., ಒನಿಡಾ, ವಿಡಿಯೋಕಾನ್ ಹೆಸರುಗಳು. ಇದರಲ್ಲಿ ಬಿ.ಪಿ.ಎಲ್. ನಮ್ಮೂರಿನದು ಅಂತಲೇ ನಾವು ಅಂದುಕೊಂಡಿದ್ದೆವು. ಟಿ.ಪಿ.ಜಿ. ನಂಬಿಯಾರರು 1963ರಲ್ಲಿ ಪಾಲಕ್ಕಾಡಿನಲ್ಲಿ ಮೀಟರು ಮಾಡುವ ಕಂಪನಿಯಾಗಿ ಶುರುಮಾಡಿದ್ದು, ಬೆಳೆದು ಮುಖ್ಯ ಕಚೇರಿ ಮಾಡಿಕೊಂಡಿದ್ದು ಬೆಂಗಳೂರಿನಲ್ಲಿ. 1990ರ ದಶಕದಲ್ಲಿ ದೇಶದ ದೊಡ್ಡ ಟೀವಿ ಕಂಪನಿಗಳಲ್ಲಿ ಅದೂ ಒಂದು. ನಾನು ಹುಟ್ಟುವ ಮೊದಲೇ ನಮ್ಮ ಮನೆಯ ಮೂಲೆಯಲ್ಲಿ ಜಾಗ ಹಿಡಿದಿದ್ದ ಡಬ್ಬಿಯೂ ಬಿ.ಪಿ.ಎಲ್. ಡಬ್ಬಿಯೇ.

ಆ ಡಬ್ಬಿಗೆ ಎರಡು ಗೋಡೆಗಳ ರಕ್ಷಣೆ ಇತ್ತು. ಒಂದು ಕಸ್ಟಮ್ಸ್ ಗೋಡೆ. 1991ರಲ್ಲಿ ನಮ್ಮ ದೇಶದ ಗರಿಷ್ಠ ಆಮದು ಸುಂಕ ಶೇ. 150 ಇತ್ತು, ಇಳೀತಾ ಇಳೀತಾ 2007ರ ಹೊತ್ತಿಗೆ ಶೇ. 10ಕ್ಕೆ ಬಂತು. ಇನ್ನೊಂದು ಗೋಡೆಯ ಬಗ್ಗೆ ಯಾರೂ ಮಾತಾಡೋದಿಲ್ಲ, ಅದು ಭೌತಶಾಸ್ತ್ರ ಕಟ್ಟಿದ ಗೋಡೆ. ಪಿಕ್ಚರ್ ಟ್ಯೂಬು ಅಂದರೆ ದಪ್ಪ ಗಾಜಿನ ಬುಂಡೆ, ಒಳಗೆ ನಿರ್ವಾತ. 29 ಇಂಚಿನ ಟೀವಿಯನ್ನು ಇಬ್ಬರು ಎತ್ತಬೇಕು. ಹಡಗಿನ ಕಂಟೇನರಿನಲ್ಲಿ ಹೆಚ್ಚು ಹಿಡಿಸೋದಿಲ್ಲ, ಒಳಗಿನ ಬಹುಪಾಲು ಬರೀ ಖಾಲಿ ಜಾಗ. ಇಂಥದ್ದನ್ನು ದೂರದಿಂದ ತರೋದಕ್ಕಿಂತ ಮಾರುವ ಊರಿನ ಹತ್ತಿರವೇ ಜೋಡಿಸೋದು ಲಾಭ. ಹಾಗಾಗಿ ಸುಂಕ ಇಳಿದರೂ ಕಾರ್ಖಾನೆಗಳು ಒಂದಷ್ಟು ಕಾಲ ಇಲ್ಲೇ ಉಳಿದವು.

ಮೊದಲ ಏಟು ಬಿದ್ದಿದ್ದು ಒಪ್ಪಂದದಿಂದ. 2003ರ ಅಕ್ಟೋಬರಿನಲ್ಲಿ ಭಾರತ ಥಾಯ್ಲೆಂಡ್ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡಿತು. ಮೊದಲ ಕಂತಿನಲ್ಲಿ 82 ವಸ್ತುಗಳು, ಅದರಲ್ಲಿ ಕಲರ್ ಟೀವಿಯೂ ಅದರ ಪಿಕ್ಚರ್ ಟ್ಯೂಬೂ ಇದ್ದವು. 2004ರ ಸೆಪ್ಟೆಂಬರಿನಿಂದ ಸುಂಕ ಅರ್ಧ, 2006ರ ಸೆಪ್ಟೆಂಬರಿಗೆ ಸೊನ್ನೆ. ಆದರೆ ಇಲ್ಲಿನ ಕಾರ್ಖಾನೆ ಬೇರೆ ದೇಶಗಳಿಂದ ತರಿಸುವ ಬಿಡಿಭಾಗದ ಮೇಲೆ ಸುಂಕ ಹಾಗೇ ಇತ್ತು. ಮುಗಿದ ಮಾಲಿಗೆ ಸೊನ್ನೆ, ಬಿಡಿಭಾಗಕ್ಕೆ ಸುಂಕ! ಇದಕ್ಕೆ ತಲೆಕೆಳಗಾದ ಸುಂಕ ಅಂತಾರೆ. ಸೋನಿ ಕಂಪನಿ 2004ರಲ್ಲೇ ಭಾರತದಲ್ಲಿ ಟೀವಿ ಮಾಡೋದು ನಿಲ್ಲಿಸಿ ಥಾಯ್ಲೆಂಡಿನಿಂದ ತರಿಸತೊಡಗಿತು.

ಎರಡನೇ ಏಟು, ಅದೇ ದೊಡ್ಡದು, ತಂತ್ರಜ್ಞಾನದಿಂದ ಬಿತ್ತು. ಟೀವಿ ಚಪ್ಪಟೆಯಾಯಿತು. ಎಲ್.ಸಿ.ಡಿ. ಬಂದ ಕೂಡಲೇ ಭೌತಶಾಸ್ತ್ರದ ಗೋಡೆ ಪೂರ್ತಿ ಬಿದ್ದುಹೋಯಿತು. ಒಂದು ಡಬ್ಬಿ ಟೀವಿ ಇಡುತ್ತಿದ್ದ ಜಾಗದಲ್ಲಿ ಹಲವು ಚಪ್ಪಟೆ ಟೀವಿ ಕೂರುತ್ತವೆ. ಟೀವಿಯ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪ್ಯಾನೆಲ್ಲಿನದು. ಆ ಪ್ಯಾನೆಲ್ ಮಾಡುವ ಕಾರ್ಖಾನೆಗೆ ನೂರಾರು ಕೋಟಿ ಡಾಲರ್ ಬೇಕು. ಜಪಾನ್, ಕೊರಿಯಾ, ತೈವಾನ್, ಆಮೇಲೆ ಚೀನಾ ಆ ಹಣ ಸುರಿದವು. ನಾವು? 2005ರಲ್ಲಿ ವಿಡಿಯೋಕಾನ್ ಫ್ರಾನ್ಸಿನ ಥಾಮ್ಸನ್ ಕಂಪನಿಯ ಪಿಕ್ಚರ್ ಟ್ಯೂಬ್ ವ್ಯವಹಾರವನ್ನೇ ಕೊಂಡುಕೊಂಡಿತು. ಪತ್ರಿಕೆಗಳಲ್ಲಿ ದೊಡ್ಡ ಹೆಮ್ಮೆಯ ಸುದ್ದಿ ಅದು. ಬೇರೆಯವರು ಗಾಜಿನ ಬುಂಡೆಯಿಂದ ಹೊರಗೆ ಓಡುತ್ತಿದ್ದಾಗ ನಾವು ಬಾಗಿಲು ತಟ್ಟಿ ಒಳಗೆ ಹೋದೆವು.

ಚಪ್ಪಟೆ ಟೀವಿಯ ಮಹಿಮೆ ನಮ್ಮ ಸಾಫ್ಟ್‌ವೇರ್ ಮಂದಿಗೆ ಚೆನ್ನಾಗಿಯೇ ಗೊತ್ತು. ಒಂದು ಕಾಲದಲ್ಲಿ ಬ್ಯಾಂಕಾಕಿಗೋ ದುಬೈಗೋ ಹೋದವರು ವಾಪಸ್ ಬರುವಾಗ ಟೀವಿಯನ್ನು ವಿಮಾನದಲ್ಲೇ ತರುತ್ತಿದ್ದರು. 29 ಇಂಚಿನ ಡಬ್ಬಿ ಟೀವಿಯನ್ನು ಯಾರಾದರೂ ಹಾಗೆ ತಂದಿದ್ದು ಕೇಳಿದ್ದೀರಾ? ಕೊನೆಗೆ ರೂಪಾಯಿ ಕುಸಿಯುತ್ತಿದ್ದ 2013ರಲ್ಲಿ ಸರ್ಕಾರ ಎಚ್ಚೆತ್ತು, ಆಗಸ್ಟ್ 26ರಿಂದ ಲಗೇಜಿನಲ್ಲಿ ತರುವ ಚಪ್ಪಟೆ ಟೀವಿಗೆ ರಿಯಾಯಿತಿ ತೆಗೆದು ಶೇ. 36.05 ಸುಂಕ ಹಾಕಿತು. ದಿಡ್ಡಿ ಬಾಗಿಲು ಹಾಕುವ ಹೊತ್ತಿಗೆ ಕೋಟೆಯೊಳಗೆ ಪಿಕ್ಚರ್ ಟ್ಯೂಬಿನ ಕಾರ್ಖಾನೆಗಳು ಮುಗಿದೇ ಹೋಗಿದ್ದವು ಅನ್ನಬಹುದು.

ಮುಂದಿನದು ಇನ್ನೂ ಮಜಾ. 2018ರಲ್ಲಿ ಟೀವಿ ಪ್ಯಾನೆಲ್ಲಿನ ಮುಖ್ಯ ಭಾಗವಾದ ಓಪನ್ ಸೆಲ್ ಮೇಲೆ ಶೇ. 5 ಸುಂಕ ಬಂತು, ಇಲ್ಲೇ ತಯಾರಾಗಲಿ ಅಂತ. ಲೆಕ್ಕಕ್ಕೆ ಹತ್ತು ಸಾವಿರದ ಟೀವಿ ಇಟ್ಟುಕೊಳ್ಳಿ, ಅದರಲ್ಲಿ ಆರು ಸಾವಿರ ಪ್ಯಾನೆಲ್ಲಿನದು. ಶೇ. 5 ಅಂದರೆ 300 ರೂಪಾಯಿ. ಅದೇ ಟೀವಿಯನ್ನು ವಿಯೆಟ್ನಾಮಿನಲ್ಲಿ ಜೋಡಿಸಿ ತಂದರೆ ಆಸಿಯಾನ್ ಒಪ್ಪಂದದ ಪ್ರಕಾರ ಸುಂಕ ಸೊನ್ನೆ. ಇಲ್ಲಿ ಜೋಡಿಸಿದವನಿಗೆ 300 ರೂಪಾಯಿ ದಂಡ! ಸ್ಯಾಮ್‌ಸಂಗ್ ಆ ವರ್ಷವೇ ಚೆನ್ನೈ ಕಾರ್ಖಾನೆಯಲ್ಲಿ ಟೀವಿ ನಿಲ್ಲಿಸಿ ವಿಯೆಟ್ನಾಮಿನಿಂದ ತರಿಸತೊಡಗಿತು. 2019ರ ಸೆಪ್ಟೆಂಬರಿನಲ್ಲಿ ಆ ಸುಂಕ ತೆಗೆದರು. 2020ರ ಜುಲೈನಲ್ಲಿ ಕಲರ್ ಟೀವಿ ಆಮದಿಗೆ ಮತ್ತೆ ಲೈಸೆನ್ಸ್ ಬೇಕು ಅಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಶೇ. 5 ಸುಂಕ ವಾಪಸ್ ಬಂತು. 2023ರಲ್ಲಿ ಓಪನ್ ಸೆಲ್ಲಿನ ಬಿಡಿಭಾಗಕ್ಕೆ ಶೇ. 2.5, 2025ರಲ್ಲಿ ಅದೂ ಸೊನ್ನೆ.

ನಾವು ಒಂದು ಸಾಫ್ಟ್‌ವೇರಿನ ಇಂಟರ್‌ಫೇಸನ್ನು ಎರಡು ವರ್ಷದಲ್ಲಿ ನಾಲ್ಕು ಸಲ ಹೀಗೆ ಬದಲಾಯಿಸಿದರೆ ಅದನ್ನು ಬಳಸುವವರು ನಮ್ಮ ಮನೆ ಹುಡುಕಿಕೊಂಡು ಬರ್ತಾರೆ. ಕಾರ್ಖಾನೆ ಕಟ್ಟಿ ಲಾಭ ನೋಡೋಕೆ ವರ್ಷಗಟ್ಟಲೆ ಬೇಕು. ಸುಂಕದ ನೋಟಿಫಿಕೇಶನ್ ಹೊರಡಿಸೋಕೆ ಒಂದು ರಾತ್ರಿ ಸಾಕು. ರಾತ್ರೋರಾತ್ರಿ ಬದಲಾಗುವ ಲೆಕ್ಕವನ್ನು ನಂಬಿ ಹತ್ತು ವರ್ಷದ ಹಣ ಹೂಡುವವನು ಯಾರು? ಹೂಡುವವನು ನಾಳೆ ಬಿಚ್ಚಿಕೊಂಡು ಹೋಗಬಹುದಾದ ಕೆಲಸಕ್ಕೆ ಮಾತ್ರ ಹೂಡುತ್ತಾನೆ. ಅಂದರೆ ಸ್ಕ್ರೂ ಹಾಕಿ ಜೋಡಿಸುವ ಕೆಲಸಕ್ಕೆ.

ಇದರಲ್ಲಿ ಕಂಪನಿಗಳ ಲಾಭ ನಷ್ಟ ಹೇಗಾದರೂ ಇರಲಿ, ನನಗೆ ಬೇಸರ ಆಗೋದು ಇನ್ನೊಂದಕ್ಕೆ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಟೀವಿ ರಿಪೇರಿಯವರಿದ್ದರು. ಪಾಲಿಟೆಕ್ನಿಕ್ಕಿನಲ್ಲಿ ಓದಿದವರಲ್ಲ, ಕೈಯಲ್ಲೇ ಕಲಿತವರು. ಪರದೆ ಮೇಲಿನ ಗೆರೆ ನೋಡಿಯೇ ಯಾವ ಸೆಕ್ಷನ್ ಕೆಟ್ಟಿದೆ ಅಂತ ಹೇಳುತ್ತಿದ್ದರು. ಸೈಕಲ್ಲಿನಲ್ಲಿ ಎಸ್.ಪಿ. ರೋಡಿಗೆ ಹೋಗಿ ಟ್ರಾನ್ಸಿಸ್ಟರೋ ಕೆಪಾಸಿಟರೋ ತಂದು ಸಂಜೆಯೊಳಗೆ ಟೀವಿ ಹಚ್ಚಿಕೊಡುತ್ತಿದ್ದರು. ಟೀವಿ ಚಪ್ಪಟೆಯಾದ ಮೇಲೆ ಅವರ ಮಾತು ಒಂದೇ ಆಯಿತು, "ಪ್ಯಾನೆಲ್ ಹೋಗಿದೆ, ಅದರ ದುಡ್ಡಿಗೆ ಹೊಸದೇ ಬರುತ್ತೆ ಬಿಡಿ ಸಾರ್". ಕೆಲವು ವರ್ಷದಲ್ಲಿ ಅಂಗಡಿ ಮುಚ್ಚಿತು. ಅವರನ್ನು ಯಾವ ಸುಂಕ ಕಾಪಾಡಬಹುದಿತ್ತು? ಯಾವುದೂ ಇಲ್ಲ. ಅವರಿಗೆ ಬೇಕಾಗಿದ್ದು ಹೊಸ ಬೋರ್ಡುಗಳ ಬಗ್ಗೆ ಕಲಿಯೋಕೆ ಒಂದು ಜಾಗ, ಕಂಪನಿಗಳು ಬಿಡಿಭಾಗವನ್ನೂ ಸರ್ಕ್ಯೂಟ್ ನಕ್ಷೆಯನ್ನೂ ಹೊರಗಿನವರಿಗೆ ಕೊಡಬೇಕು ಅನ್ನುವ ಒಂದು ನಿಯಮ. ರಿಪೇರಿ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ ಸಮಿತಿ ಮಾಡಿದ್ದು 2022ರಲ್ಲಿ. ಆ ಹೊತ್ತಿಗೆ ಇಂಥ ಎಷ್ಟು ಅಂಗಡಿಗಳ ಬೋರ್ಡು ಇಳಿದಿತ್ತೋ!

ಈಗ ಮೂರನೇ ಕಥೆ, ಫೋನಿನದು. ಕಂಪ್ಯೂಟರು, ಫೋನುಗಳ ಮೇಲೆ ಸುಂಕ ಹಾಕುವುದಿಲ್ಲ ಅನ್ನುವ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿತ್ತು. ಸಾಫ್ಟ್‌ವೇರ್ ಉದ್ಯಮಕ್ಕೆ ಅಗ್ಗದ ಕಂಪ್ಯೂಟರ್ ಸಿಕ್ಕಿತು, ಅದರ ಉಪ್ಪು ತಿಂದವರಲ್ಲಿ ನಾನೂ ಒಬ್ಬ. ಇಲ್ಲಿ ಬಿಡಿಭಾಗ ಮಾಡುತ್ತಿದ್ದವರಿಗೆ ಮಾತ್ರ ಅದು ಕಹಿಯಾಯಿತು. ಹತ್ತು ಹನ್ನೆರಡು ವರ್ಷದ ಹಿಂದೆ ಇಲ್ಲಿ ಮಾರಾಟವಾಗುತ್ತಿದ್ದ ಫೋನುಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದವು. 2017ರಲ್ಲಿ ಸರ್ಕಾರ ಹಂತ ಹಂತವಾಗಿ ಗೋಡೆ ಕಟ್ಟಿತು. ಫೋನಿನ ಮೇಲೆ ಜುಲೈನಲ್ಲಿ ಶೇ. 10, ಡಿಸೆಂಬರಿನಲ್ಲಿ 15, 2018ರ ಫೆಬ್ರವರಿಗೆ 20. ಯುರೋಪಿಯನ್ ಒಕ್ಕೂಟ, ಜಪಾನ್, ತೈವಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2023ರ ಏಪ್ರಿಲಿನಲ್ಲಿ ಗೆದ್ದವು. ಭಾರತ ಮೇಲ್ಮನವಿ ಹಾಕಿತು. ಅಲ್ಲಿನ ಮೇಲ್ಮನವಿ ಪೀಠವೋ 2019ರ ಕೊನೆಯಲ್ಲೇ ಸದಸ್ಯರಿಲ್ಲದೆ ನಿಂತುಹೋಗಿತ್ತು, ಫೈಲು ಅಲ್ಲೇ ಕೂತಿತು. 2024ರ ಜುಲೈನಲ್ಲಿ ನಾವೇ ಸುಂಕವನ್ನು ಶೇ. 15ಕ್ಕೆ ಇಳಿಸಿಕೊಂಡೆವು.

ಈ ಗೋಡೆ ಕೆಲಸ ಮಾಡಿತೇ? ಮಾಡಿತು, ಅದನ್ನು ಒಪ್ಪದಿದ್ದರೆ ಅಪ್ರಾಮಾಣಿಕತೆ ಆಗುತ್ತೆ. 2017ರಲ್ಲಿ ಪೀಣ್ಯದಲ್ಲಿ ವಿಸ್ಟ್ರಾನ್ ಐಫೋನ್ ಎಸ್.ಇ. ಜೋಡಿಸಿತು. ಆಮೇಲೆ ಕೋಲಾರದ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಬಂತು, ಅದು 2023ರಲ್ಲಿ ಟಾಟಾ ಕೈಗೆ ಹೋಯಿತು. ದೇವನಹಳ್ಳಿ ಬಳಿ ಫಾಕ್ಸ್‌ಕಾನ್ 2025ರಲ್ಲಿ ಐಫೋನ್ ಮಾಡತೊಡಗಿತು. ಎಚ್.ಎಂ.ಟಿ. ಕಾಲಕ್ಕೂ ಇದಕ್ಕೂ ಎರಡು ಒಳ್ಳೆಯ ವ್ಯತ್ಯಾಸಗಳಿವೆ. ಒಂದು, ಇಲ್ಲಿ ಮಾಡಿದ ಫೋನು ಹೊರದೇಶಕ್ಕೂ ಹೋಗುತ್ತೆ, ಅಂದರೆ ಗೋಡೆಯ ಆಚೆ ಪರೀಕ್ಷೆ ಬರೆದು ಪಾಸಾಗಬೇಕು. ಎರಡು, 2020ರ ಪಿ.ಎಲ್.ಐ. ಯೋಜನೆ ಹೆಚ್ಚುವರಿ ಮಾರಾಟದ ಮೇಲೆ ಶೇ. 4ರಿಂದ 6ರಷ್ಟು ಹಣ ಕೊಟ್ಟಿದ್ದು ಐದು ವರ್ಷಕ್ಕೆ ಅಂತ ಮೊದಲೇ ಹೇಳಿಯೇ. ಬೇಲಿಗೆ ತಾರೀಖು ಇತ್ತು.

ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ. 2025ರ ಜುಲೈನಲ್ಲಿ ಫಾಕ್ಸ್‌ಕಾನ್ ಭಾರತದ ಕಾರ್ಖಾನೆಗಳಿಂದ ಮುನ್ನೂರಕ್ಕೂ ಹೆಚ್ಚು ಚೀನೀ ಎಂಜಿನಿಯರುಗಳನ್ನು ವಾಪಸ್ ಕರೆಸಿಕೊಂಡಿತು ಅಂತ ವರದಿಯಾಯಿತು. ಅದೊಂದು ಸುದ್ದಿಗೆ ಇಲ್ಲಿ ಎಷ್ಟು ಗಾಬರಿ ಆಯಿತು ನೋಡಿ. ಲೈನು ನಮ್ಮ ಊರಿನಲ್ಲಿದೆ, ಲೈನು ಹೂಡುವ ವಿದ್ಯೆ ಬೇರೆಯವರ ತಲೆಯಲ್ಲಿದೆ. 1953ರ ಎಚ್.ಎಂ.ಟಿ. ಯಂತ್ರ ಮಾಡುವ ಯಂತ್ರದಿಂದ ಶುರುಮಾಡಿ ಆಮೇಲೆ ವಾಚಿಗೆ ಬಂದಿತ್ತು. ನಾವು ಈಗ ಉಲ್ಟಾ ಹೊರಟಿದ್ದೇವೆ, ಮುಗಿದ ಮಾಲಿನಿಂದ ಶುರುಮಾಡಿ ಹಿಂದಕ್ಕೆ ನಡೆಯಬೇಕು. ನಡೆಯಬಾರದು ಅಂತೇನಿಲ್ಲ. 2025ರಲ್ಲಿ 22,919 ಕೋಟಿ ರೂಪಾಯಿಯ ಬಿಡಿಭಾಗಗಳ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು ಆ ದಾರಿಯ ಮೊದಲ ಹೆಜ್ಜೆ. ಆದರೆ ಫೋನು ಇದೇ ರೂಪದಲ್ಲಿ ಇನ್ನೆಷ್ಟು ವರ್ಷ ಇರುತ್ತೆ? ಕ್ವಾರ್ಟ್ಸ್ ಬರುವ ಹಿಂದಿನ ವರ್ಷ ಕೀ ಕೊಡುವ ವಾಚೂ ಶಾಶ್ವತವಾಗಿಯೇ ಕಾಣುತ್ತಿತ್ತು.

ನರಸಾಪುರ, ದೇವನಹಳ್ಳಿಯ ಲೈನುಗಳಲ್ಲಿ ದುಡಿಯುವವರಲ್ಲಿ ಬಹಳಷ್ಟು ಜನ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. 2020ರ ಡಿಸೆಂಬರಿನಲ್ಲಿ ನರಸಾಪುರದಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾಗಿ ಗಾಜು ಒಡೆದಾಗ ದೇಶವೆಲ್ಲ "ಹೂಡಿಕೆದಾರರು ಏನಂದುಕೊಳ್ತಾರೆ" ಅಂತ ಚಿಂತೆ ಮಾಡಿತು. ಕಂಪನಿಯೇ ಸಂಬಳ ಕೊಡುವುದರಲ್ಲಿ ಲೋಪವಾಗಿದೆ ಅಂತ ಒಪ್ಪಿಕೊಂಡು ಕ್ಷಮೆ ಕೇಳಿದ್ದು ಎಷ್ಟು ಜನಕ್ಕೆ ನೆನಪಿದೆ? ನಾಳೆ ವಸ್ತು ಬದಲಾದರೆ ಸ್ಕ್ರೂ ಹಾಕೋದು ಮಾತ್ರ ಕಲಿತ ಆ ಹುಡುಗಿ ಬೇರೆ ಕಾರ್ಖಾನೆಗೆ ಏನು ಹೊತ್ತುಕೊಂಡು ಹೋಗ್ತಾಳೆ? ಸುಂಕದ ಚರ್ಚೆಯಲ್ಲಿ ಈ ಪ್ರಶ್ನೆ ಯಾಕೋ ಬರೋದೇ ಇಲ್ಲ.

ಸರಿ, ಬರೀ ಗೊಣಗಿದರೆ ಏನು ಬಂತು? ನನ್ನ ಪ್ರಕಾರ ಮೂರು ಕೆಲಸ ಆಗಬೇಕು.

ಮೊದಲನೆಯದು, ಯಾವ ರಕ್ಷಣಾ ಸುಂಕವೇ ಆಗಲಿ, ಹಾಕುವ ದಿನವೇ ಅದು ಮುಗಿಯುವ ದಿನವನ್ನೂ ಬರೆಯಬೇಕು. ಈ ವರ್ಷ 20, ಮೂರು ವರ್ಷಕ್ಕೆ 10, ಆರು ವರ್ಷಕ್ಕೆ ಸೊನ್ನೆ, ಹೀಗೆ. ಒಳಗಿದ್ದವನಿಗೆ ಗಡುವು ಗೊತ್ತಿದ್ದರೆ ಓದಿಕೊಳ್ತಾನೆ. ಪರೀಕ್ಷೆಯೇ ಇಲ್ಲ ಅಂದರೆ ನೀವೂ ನಾನೂ ಓದುತ್ತಿದ್ದೆವಾ?

ಎರಡನೆಯದು, ಒಪ್ಪಂದ ಮಾಡುವ ಕಚೇರಿಯೂ ಸುಂಕ ಹಾಕುವ ಕಚೇರಿಯೂ ಒಂದೇ ಹಾಳೆ ನೋಡಬೇಕು. ಮುಗಿದ ಮಾಲಿಗಿಂತ ಬಿಡಿಭಾಗಕ್ಕೆ ಹೆಚ್ಚು ಸುಂಕ ಬೀಳುತ್ತಿದೆಯೇ ಅನ್ನೋದನ್ನು ಒಪ್ಪಂದಗಳನ್ನೂ ಸೇರಿಸಿ ಲೆಕ್ಕ ಹಾಕಿ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಇದು ದೊಡ್ಡ ಕೆಲಸವೇನಲ್ಲ, ನಮ್ಮಲ್ಲಿ ಯಾರಾದರೂ ವಾರಾಂತ್ಯದಲ್ಲಿ ಸ್ಪ್ರೆಡ್‌ಶೀಟಿನಲ್ಲಿ ಮಾಡಬಹುದಾದ ಕೆಲಸ.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು. ಸುಂಕದಿಂದ ಬರುವ ಹಣದಲ್ಲಿ ಒಂದು ಪಾಲು ಕೈಗೆ ವಿದ್ಯೆ ಕೊಡುವ ಜಾಗಗಳಿಗೆ ಹೋಗಬೇಕು. ರಾಜಾಜಿನಗರದ ಜಿ.ಟಿ.ಟಿ.ಸಿ. ನೋಡಿ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾಗಿದ್ದು. ಅಚ್ಚು ಮಾಡೋದು, ಉಪಕರಣ ಮಾಡೋದು ಕಲಿಸುತ್ತಾರೆ. ಅಚ್ಚು ಮಾಡಲು ಬಂದವನು ರೇಡಿಯೋ ಕಾಲದಲ್ಲೂ ಬದುಕಿದ, ಟೀವಿ ಕಾಲದಲ್ಲೂ ಬದುಕಿದ, ಫೋನಿನ ಕಾಲದಲ್ಲೂ ಬದುಕುತ್ತಾನೆ. ಯಾಕಂದರೆ ಅವನಿಗೆ ಗೊತ್ತಿರೋದು ಒಂದು ವಸ್ತುವಲ್ಲ, ವಸ್ತು ಮಾಡುವ ವಿದ್ಯೆ. ವಸ್ತು ಹಳೆಯದಾಗುತ್ತೆ, ವಿದ್ಯೆ ಅಷ್ಟು ಬೇಗ ಆಗೋದಿಲ್ಲ. ಟೈಟನ್ನಿನ ಹೊಸೂರು ಕಾರ್ಖಾನೆಯಾಗಲಿ, ಪೀಣ್ಯದ ನೂರಾರು ಸಣ್ಣ ವರ್ಕ್‌ಶಾಪುಗಳಾಗಲಿ ನಿಂತಿರೋದು ಇಂಥ ಕೈಗಳ ಮೇಲೆ.

"ಇದೆಲ್ಲ ನಿಧಾನದ ಕೆಲಸ, ಸುಂಕವಾದರೆ ನಾಳೆಯೇ ಹಾಕಬಹುದು" ಅನ್ನಬಹುದು ನೀವು. ಹೌದು, ಅದಕ್ಕೇ ಸರ್ಕಾರಗಳಿಗೆ, ಯಾವ ಪಕ್ಷದ್ದೇ ಇರಲಿ, ಸುಂಕ ಅಂದರೆ ಅಷ್ಟು ಪ್ರೀತಿ. ಸುಂಕ ಹಾಕಿದ್ದು ಮರುದಿನದ ಪೇಪರಿನಲ್ಲಿ ಬರುತ್ತೆ. ಅಚ್ಚು ಮಾಡಲು ಕಲಿತ ಹುಡುಗನ ಸುದ್ದಿ ಎಲ್ಲೂ ಬರೋದಿಲ್ಲ.

ಫೆಬ್ರವರಿ ಬಂದರೆ ಟೀವಿಯಲ್ಲಿ ಏನು ಅಗ್ಗ, ಏನು ದುಬಾರಿ ಅಂತ ಎರಡು ಪಟ್ಟಿ ಓಡುತ್ತೆ. ಈ ಸಲ ಅದನ್ನು ನೋಡುವಾಗ ಪಕ್ಕದಲ್ಲಿರೋರಿಗೆ ಇನ್ನೆರಡು ಪ್ರಶ್ನೆ ಕೇಳಿ. ಈ ಸುಂಕ ಮುಗಿಯೋದು ಯಾವಾಗ? ಅಷ್ಟರೊಳಗೆ ನಮ್ಮವರು ಏನನ್ನು ಕಲಿತಿರಬೇಕು? ಉತ್ತರ ಸಿಕ್ಕರೆ ನಿಮ್ಮ ಬ್ಲಾಗಿನಲ್ಲೂ ಬರೆಯಿರಿ, ಓದೋಕೆ ನಾನಂತೂ ಬರ್ತೀನಿ.